ಮಹಡಿ ಕೋಣೆಯ ಕೆಂಪು ಪಾಯಿಂಟು

ಹಲಸೂರಿನ ಆ ಮನೆಯ ಮಹಡಿ ಕೋಣೆಗೆ ನನ್ನ ಎಡಿಟಿಂಗ್ ಕಂಪ್ಯೂಟರ್ ಸಾಗಿಸಿದ ದಿನವೇ ಓನರ್ ಅಂಕಲ್ ಒಂದು ಸ್ವಿಚ್ ತೋರಿಸಿದ್ದರು. ಬೋರ್ಡಿನ ಮೇಲೆ ಉಳಿದವೆಲ್ಲ ಬರೀ ಬಿಳಿ. ಇದರ ಪಕ್ಕದಲ್ಲಿ ಮಾತ್ರ, ಇದಕ್ಕೆ ಸೇರಿದ ಸಾಕೆಟ್ಟಿನ ಪಕ್ಕದಲ್ಲೂ, ಉಗುರುಬಣ್ಣದಲ್ಲಿ ಇಟ್ಟ ಕೆಂಪು ಚುಕ್ಕೆ.

“ಇದು ಕೆಳಗಡೆ ಇನ್ವರ್ಟರ್‌ನಿಂದ ಬರೋ ಲೈನು. ಕರೆಂಟ್ ಹೋದ್ರೆ ನಿಂಗೆ ಒಂದು ಟ್ಯೂಬ್‌ಲೈಟು, ಒಂದು ಫ್ಯಾನು, ಮೊಬೈಲ್ ಚಾರ್ಜಿಗೆ ಒಂದು ಪಾಯಿಂಟು. ಬೇರೇನೂ ಹಾಕ್ಬಾರ್ದು ಕಣಮ್ಮ. ನಮ್ಮವಳ ಮೆಷಿನ್ ಓಡೋದು ಅದ್ರಲ್ಲೇ.”

ಆಯ್ತು ಅಂಕಲ್ ಎಂದೆ. ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಇಂಥ ಪಾಯಿಂಟು ಹೊಸದೇನಲ್ಲ. ಓನರ್ ಮನೆಯ ಇನ್ವರ್ಟರ್‌ನಿಂದ ಒಂದೆಳೆ ವೈರು ಮೇಲಕ್ಕೆ ಬರುತ್ತದೆ, ಬಾಡಿಗೆಯವರು ಅದನ್ನು ಮರ್ಯಾದೆಯಿಂದ ಬಳಸುತ್ತಾರೆ ಎಂಬ ನಂಬಿಕೆಯ ಮೇಲೆ ಎಲ್ಲ ನಡೆಯುತ್ತದೆ.

ಅಂಕಲ್ ಹೇಳಿದ ಮೆಷಿನ್ ಎಂದರೆ ಆಂಟಿಯ ಆಕ್ಸಿಜನ್ ಮೆಷಿನ್. ಆಂಟಿಯ ಶ್ವಾಸಕೋಶ ಎರಡು ವರ್ಷದಿಂದ ಕೆಟ್ಟಿತ್ತು. ಮಂಚದ ಪಕ್ಕ ನಿಂತ ಆ ಪೆಟ್ಟಿಗೆ ಕೋಣೆಯ ಗಾಳಿಯನ್ನೇ ಸೋಸಿ, ಸಣ್ಣ ಕೊಳವೆಯಲ್ಲಿ ಅವರ ಮೂಗಿಗೆ ಆಮ್ಲಜನಕ ಕೊಡುತ್ತಿತ್ತು. ಕರೆಂಟು ಇಲ್ಲದಿದ್ದರೆ ಅದು ಬರೀ ಪೆಟ್ಟಿಗೆ. ಆಪತ್ತಿಗಿರಲಿ ಎಂದು ಮೂಲೆಯಲ್ಲಿ ಒಂದು ಚಿಕ್ಕ ಸಿಲಿಂಡರ್ ಇತ್ತು. ಅಂಕಲ್ ಸರ್ಕಾರಿ ಕಾರ್ಖಾನೆಯೊಂದರ ಎಲೆಕ್ಟ್ರಿಕಲ್ ವಿಭಾಗದಲ್ಲಿ ದುಡಿದು ರಿಟೈರ್ ಆದವರು. ಇನ್ವರ್ಟರ್ ಆರಿಸಿದ್ದು, ವೈರಿಂಗ್ ಮಾಡಿದ್ದು, ಪ್ರತಿ ಸ್ವಿಚ್ಚಿನ ಕೆಳಗೆ ಮುತ್ತಿನಂಥ ಅಕ್ಷರದಲ್ಲಿ ಹೆಸರು ಬರೆದು ಅಂಟಿಸಿದ್ದು ಎಲ್ಲ ಅವರೇ.

ಆ ಮೆಷಿನ್ನಿನ ಸದ್ದು ನೆಲ ದಾಟಿ ನನ್ನ ಕೋಣೆಗೆ ಬರುತ್ತಿತ್ತು. ಬುಸ್ ಎಂದು ಒಂದು, ತಡೆದು ಇನ್ನೊಂದು. ಚಿತ್ರಕ್ಕೆ ಹಿನ್ನೆಲೆ ಮಾತು ರೆಕಾರ್ಡ್ ಮಾಡುವಾಗ ಮೈಕು ಅದನ್ನು ಹಿಡಿದುಬಿಡುತ್ತಿತ್ತು. ಮೊದಲ ತಿಂಗಳೇ ಆಂಟಿಗೆ ಇದು ತಿಳಿದು ತಾವೇ ದಾರಿ ಹೇಳಿದ್ದರು. “ರೆಕಾರ್ಡ್ ಮಾಡೋಕ್ ಮುಂಚೆ ಫೋನ್ ಮಾಡು ಕಣ್ಣು. ಹತ್ತು ನಿಮಿಷ ನಾನು ಸಿಲಿಂಡರ್ ಹಾಕ್ಕೊಂಡು ಮೆಷಿನ್ ಆಫ್ ಮಾಡ್ತೀನಿ.” ಮನೆಮಾತು ತಮಿಳಾದ್ದರಿಂದ ಮುದ್ದಿಗೆ ನನ್ನನ್ನು ಕಣ್ಣು ಎಂದೇ ಕರೆಯುತ್ತಿದ್ದರು. ನನ್ನ ಕೆಲಸಕ್ಕೆ ತಮ್ಮ ಉಸಿರನ್ನು ಹೊಂದಿಸಿಕೊಂಡ ಹೆಂಗಸು ಅವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ನಾನು ಮಾಡಿದ್ದನ್ನು ಇದರ ಪಕ್ಕದಲ್ಲೇ ಇಟ್ಟು ನೋಡಬೇಕು.

ಆ ಬೇಸಿಗೆಯಲ್ಲಿ ನಮ್ಮ ರಸ್ತೆಯನ್ನು ಕೇಬಲ್ ಹಾಕಲು ಅಗೆದರು. ವಾರಕ್ಕೆ ಮೂರು ದಿನ ಬೆಳಗ್ಗೆ ಹತ್ತರಿಂದ ಸಂಜೆಯವರೆಗೆ ಕರೆಂಟಿಲ್ಲ. ಉಳಿದ ದಿನ ಹೇಳದೆ ಕೇಳದೆ ಐದೈದು ನಿಮಿಷ ಹೋಗಿ ಬರುವುದು. ಕೆ.ಆರ್. ಪುರದ ಆಚೆಯ ಕೆರೆಯೊಂದರ ಬಗ್ಗೆ ಅರ್ಧ ಗಂಟೆಯ ಸಾಕ್ಷ್ಯಚಿತ್ರ ನನ್ನ ಕೈಯಲ್ಲಿತ್ತು. ಮಾಡಿಸುತ್ತಿದ್ದ ಸಂಸ್ಥೆಯವರು ಪ್ರದರ್ಶನದ ದಿನ ಗೊತ್ತುಮಾಡಿ ಆಮಂತ್ರಣವನ್ನೂ ಹಂಚಿದ್ದರು. ಒಂದು ಮಧ್ಯಾಹ್ನ ಕರೆಂಟು ಹೋದಾಗ ಕಂಪ್ಯೂಟರ್ ಫೈಲ್ ಉಳಿಸುತ್ತಿತ್ತು. ಮತ್ತೆ ತೆರೆದರೆ ಪ್ರಾಜೆಕ್ಟ್ ಖಾಲಿ. ಹಳೆಯ ಪ್ರತಿಯಿಂದ ಎರಡು ದಿನದ ಕೆಲಸವನ್ನು ಮತ್ತೆ ಮಾಡಿದೆ. ಮಾಡುವಾಗ ರಸ್ತೆ ಅಗೆದವರ ವಂಶಕ್ಕೆಲ್ಲ ಶಾಪ ಹಾಕಿದೆ.

ಇಂದಿರಾನಗರದ ಅಂಗಡಿಗೆ ಹೋಗಿ ಕಂಪ್ಯೂಟರ್‌ಗೆ ಯುಪಿಎಸ್ ಕೊಡಿ ಎಂದೆ. ಎಂಥ ಕಂಪ್ಯೂಟರ್ ಎಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಪೆಟ್ಟಿಗೆಯ ಮೇಲೆ ಆರುನೂರು ವಿಎ ಎಂದಿತ್ತು. ಆರುನೂರು ಎಂದರೆ ಆರುನೂರು ವ್ಯಾಟ್ ಎಂದೇ ನಾನು ಎಣಿಸಿದ್ದು. ಅದು ಹೊರುವುದು ಅದರಲ್ಲಿ ಮುಕ್ಕಾಲಿಗಿಂತಲೂ ಕಡಿಮೆ ಎಂದು ತಿಳಿದದ್ದು ಮನೆಯಲ್ಲಿ ಪ್ಲಗ್ ಕಿತ್ತು ಪರೀಕ್ಷಿಸಿದಾಗ. ಕೀಂಯ್ ಎಂದು ಒಮ್ಮೆ ಕೂಗಿ ಎಲ್ಲ ಕತ್ತಲು. ಮರುದಿನ ಅದನ್ನು ಕೊಟ್ಟು ಸುಮಾರು ಎರಡರಷ್ಟು ದೊಡ್ಡದು ತಂದೆ. ಅದರಲ್ಲೂ ಪ್ಲಗ್ ಕಿತ್ತ ಕ್ಷಣವೇ ಕಂಪ್ಯೂಟರ್ ಆರಿಹೋಯಿತು. ಯುಪಿಎಸ್ ಮಾತ್ರ ಆರಾಮಾಗಿ ಕೂಗುತ್ತ ಕೂತಿತ್ತು.

ಮಾರತ್ತಹಳ್ಳಿಯಲ್ಲಿ ಚಿತ್ರಗಳ ಬಣ್ಣ ತಿದ್ದುವ ಕೆಲಸ ಮಾಡುವ ಗೆಳೆಯನಿಗೆ ಫೋನ್ ಮಾಡಿದೆ.

“ಗುರು, ನಿನ್ ಕಂಪ್ಯೂಟರ್‌ದು ಪವರ್ ಸಪ್ಲೈ ಹೊಸಾದು. ಅದಕ್ಕೆ ಈ ಅಗ್ಗದ ಯುಪಿಎಸ್ ಕರೆಂಟು ಸೇರಲ್ಲ. ಗೋಡೆಯಿಂದ ಬರೋದು ನೈಸಾಗಿ ಏರಿಳಿಯತ್ತೆ, ಇದು ಮೆಟ್ಲು ಮೆಟ್ಲು ಕೊಡತ್ತೆ. ಪ್ಯೂರ್ ಸೈನ್‌ವೇವ್ ಅಂತ ಬರತ್ತೆ, ಅದೇ ತಗೋಬೇಕು.”

“ಎಲ್ಲಿ ಸಿಗತ್ತೆ?”

“ಆರ್ಡರ್ ಹಾಕು. ಎಂಟು ಹತ್ತು ದಿನ ಆಗ್ಬಹುದು.”

ಪ್ರದರ್ಶನಕ್ಕೆ ಇದ್ದದ್ದು ಆರು ದಿನ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರಲ್ಲ, ಆ ಹೊತ್ತಿಗೆ ನನ್ನ ಕಣ್ಣು ಹೋದದ್ದು ಕೆಂಪು ಚುಕ್ಕೆಯ ಮೇಲೆ. ಆಂಟಿಯ ಮೆಷಿನ್‌ಗೆ ಒಳ್ಳೆಯ ಕರೆಂಟೇ ಬೇಕೆಂದು ಅಂಕಲ್ ತಂದದ್ದು ಪ್ಯೂರ್ ಸೈನ್‌ವೇವ್ ಇನ್ವರ್ಟರ್. ನನಗೆ ಬೇಕಾದ್ದು ಗೋಡೆಯಲ್ಲೇ ಇತ್ತು. ಯುಪಿಎಸ್ಸಿನ ಪ್ಲಗ್ಗನ್ನು ಆ ಸಾಕೆಟ್ಟಿಗೆ ಹಾಕಿ, ಕರೆಂಟು ಹೋಗಲಿ ಎಂದು ಕಾದೆ. ಹೋಯಿತು. ಕಂಪ್ಯೂಟರ್ ಅಲುಗಾಡಲಿಲ್ಲ. ಎರಡು ದಿನ, ಹಗಲಿಡೀ, ನಿರಾಳವಾಗಿ ಕೆಲಸ ಮಾಡಿದೆ. ಅಂಕಲ್ ಮೇಲೆ ಬಂದರೆ ಕಾಣದಿರಲೆಂದು ಪ್ಲಗ್ಗಿನ ಮುಂದೆ ಬ್ಯಾಗ್ ನೇತುಹಾಕಿದ್ದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ.

ನನ್ನ ಲೆಕ್ಕದಲ್ಲಿ ತಪ್ಪಿದ್ದದ್ದು ಇಷ್ಟು. ದೃಶ್ಯಗಳನ್ನು ಕತ್ತರಿಸಿ ಜೋಡಿಸುವಾಗ ಕಂಪ್ಯೂಟರ್ ಎಳೆಯುವ ಕರೆಂಟು ಸಾಧಾರಣ. ಮುಗಿದ ಚಿತ್ರವನ್ನು ಒಂದೇ ಫೈಲಾಗಿ ಹೊರತೆಗೆಯುವಾಗ, ನಮ್ಮ ಭಾಷೆಯಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ, ಗ್ರಾಫಿಕ್ಸ್ ಕಾರ್ಡು ಮೈಮೇಲೆ ಬಂದವರಂತೆ ದುಡಿಯುತ್ತದೆ. ಕರೆಂಟೂ ಎರಡೂವರೆ ಪಟ್ಟು. ನಾನು ಪರೀಕ್ಷಿಸಿದ್ದು ಕಂಪ್ಯೂಟರ್ ಹಗುರವಾಗಿದ್ದಾಗ ಮಾತ್ರ.

ಮೂರನೆಯ ದಿನ ಮಧ್ಯಾಹ್ನ ಹನ್ನೆರಡೂವರೆಗೆ ಎಕ್ಸ್‌ಪೋರ್ಟ್ ಒತ್ತಿದೆ. ಬೆಳಗ್ಗೆ ಹತ್ತರಿಂದ ಕರೆಂಟಿರಲಿಲ್ಲ. ಅಂಕಲ್ ಸಿಲಿಂಡರ್ ತುಂಬಿಸಿಕೊಂಡು ಬರಲು ಶಿವಾಜಿನಗರದ ಕಡೆ ಹೋಗಿದ್ದರು. ಆಟೋದಲ್ಲಿ ಅದನ್ನು ಇಡಲು ನಾನೇ ಒಂದು ಕೈ ಕೊಟ್ಟಿದ್ದೆ. ಅಂದರೆ ಕೆಳಗೆ ಆಂಟಿ ಒಬ್ಬರೇ ಇದ್ದಾರೆ, ಸಿಲಿಂಡರ್ ಇಲ್ಲ ಎಂದು ನನಗೆ ಗೊತ್ತಿತ್ತು.

ನೂರಕ್ಕೆ ಹನ್ನೊಂದು ಭಾಗ ಆಗುವಷ್ಟರಲ್ಲಿ ಸ್ಕ್ರೀನ್ ಕಪ್ಪಾಯಿತು. ಕಾಲ ಬಳಿ ಯುಪಿಎಸ್ ಕೂಗತೊಡಗಿತು. ಫ್ಯಾನೂ ನಿಧಾನಕ್ಕೆ ನಿಂತಿತು. ಕೆಳಗಿನ ಇನ್ವರ್ಟರಿನ ಬ್ಯಾಟರಿ ಮುಗಿಯಿತು ಎಂದುಕೊಂಡೆ. ಆ ಮಾತಿನ ಅರ್ಥ ಕೆಳಗಿನ ಮಂಚದವರೆಗೆ ಇಳಿಯಲಿಲ್ಲ. ಸೆಕೆ ಎಂದು ಕಿಟಕಿ ತೆರೆದೆ. ಸದ್ದು ಅಡಗಿಸಲು ಯುಪಿಎಸ್ಸಿನ ಬಟನ್ ಒತ್ತಿದೆ, ಅಡಗಿತೋ ಇಲ್ಲವೋ ಎಂದು ಕೇಳಿಸಿಕೊಳ್ಳಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಸಂಸ್ಥೆಯ ಮೇಡಂಗೆ ಫೋನ್ ಮಾಡಿದೆ. ಕರೆಂಟಿನವರನ್ನು ಬೈದೆ, ರಸ್ತೆಯವರನ್ನು ಬೈದೆ, ಈ ಊರಲ್ಲಿ ಕೆಲಸ ಮಾಡುವುದು ಹೇಗೆ ಮೇಡಂ ಎಂದು ಅತ್ತುಕೊಂಡೆ. ಕುಣಿಯಲಾರದವಳಿಗೆ ನೆಲ ಡೊಂಕು. ಅವರು ಸಮಾಧಾನ ಹೇಳಿದರು. ಹೆಡ್‌ಫೋನ್ ತೆಗೆದೆ.

ಕೂಗು ಇನ್ನೂ ಕೇಳುತ್ತಿತ್ತು. ಮತ್ತೆ ಬಟನ್ ಒತ್ತಿದೆ, ನಿಲ್ಲಲಿಲ್ಲ. ಯುಪಿಎಸ್ಸನ್ನು ಪೂರ್ತಿ ಆಫ್ ಮಾಡಿದೆ. ಆಗಲೂ ಕೂಗು ಹಾಗೇ ಇತ್ತು, ಸ್ವಲ್ಪ ಸಣ್ಣ ದನಿಯಲ್ಲಿ. ಅದು ಬರುತ್ತಿದ್ದದ್ದು ನೆಲದ ಕೆಳಗಿನಿಂದ. ಬುಸ್ ಎನ್ನುವ ಸದ್ದು ಇರಲಿಲ್ಲ.

ಮೆಟ್ಟಿಲು ಹೇಗೆ ಇಳಿದೆನೋ ನೆನಪಿಲ್ಲ. ಆಂಟಿ ಮಂಚದ ಅಂಚಿನಲ್ಲಿ ಎರಡೂ ಕೈ ಮೊಣಕಾಲಿನ ಮೇಲೂರಿ ಮುಂದಕ್ಕೆ ಬಾಗಿ ಕೂತಿದ್ದರು. ತುಟಿ ನೀಲಿಗಟ್ಟಿತ್ತು. ಭುಜಗಳು ಮೇಲೆ ಕೆಳಗೆ ಆಗುತ್ತಿದ್ದವು, ಒಳಗೆ ಏನೂ ಹೋಗುತ್ತಿರಲಿಲ್ಲ. ಮೊಬೈಲು ಕೈಜಾರಿ ಮಂಚದಡಿ ಬಿದ್ದಿತ್ತು. ಅವರು ಮೂಲೆಯ ಇನ್ವರ್ಟರ್ ಕಡೆ ಬೆರಳು ತೋರಿಸಿದರು. ಅದರ ಮೇಲೆ ಕೆಂಪು ದೀಪ, ಪಕ್ಕದಲ್ಲಿ ಅಂಕಲ್ ಕೈಬರಹ: “ಓವರ್‌ಲೋಡ್. ಹೆಚ್ಚಿನದನ್ನು ತೆಗೆದು, ಈ ಗುಂಡಿ ಒತ್ತಿ.” ಹೆಚ್ಚಿನದು ಯಾವುದೆಂದು ನನಗೆ ಗೊತ್ತಿತ್ತು. ಮತ್ತೆ ಮೇಲೆ ಓಡಿ ಪ್ಲಗ್ ಕಿತ್ತೆಸೆದು, ಇಳಿದು ಬಂದು ಗುಂಡಿ ಒತ್ತಿದೆ. ಮೆಷಿನ್ ಒಮ್ಮೆ ನಡುಗಿ ಬುಸ್ ಎಂದಿತು. ಆಂಟಿಯ ಬೆನ್ನಿಗೆ ನನ್ನ ಭುಜ ಆನಿಸಿ ಕೂತೆ. ಅವರ ತುಟಿಗೆ ಬಣ್ಣ ಬರುವವರೆಗೆ ಏಳಲಿಲ್ಲ.

ಆಸ್ಪತ್ರೆಗೆ ಹೋಗೋಣ ಎಂದೆ. ಬೇಡ ಎಂದು ತಲೆಯಾಡಿಸಿದರು. ಬೆರಳಿಗೆ ಸಿಕ್ಕಿಸುವ ಆಕ್ಸಿಜನ್ ಮೀಟರ್ ಹಾಕಿಕೊಂಡು, ಅಂಕಿ ತೊಂಬತ್ತು ದಾಟಿದ ಮೇಲೆ ಮಾತಾಡಿದರು.

“ಮೇಲೆ ಏನೋ ಹಾಕಿದ್ದೆ ಅಲ್ವಾ?”

“ಹೌದು ಆಂಟಿ.”

“ಅವರಿಗೆ ಹೇಳ್ಬೇಡ. ಕೋಪ ಜಾಸ್ತಿ, ರೂಮ್ ಖಾಲಿ ಮಾಡು ಅಂದ್ಬಿಡ್ತಾರೆ. ಮೇಲೆ ಯಾರೂ ಇಲ್ದಿದ್ರೆ ನನಗೆ ಭಯ ಕಣ್ಣು. ತಾನಾಗೇ ನಿಂತೋಯ್ತು, ನೀನು ಬಂದು ಒತ್ತಿದೆ ಅಂತ ನಾನು ಹೇಳ್ತೀನಿ.”

ಹಾಗೇ ಹೇಳಿದರು. ಅಂಕಲ್ ನನ್ನ ಎರಡೂ ಕೈ ಹಿಡಿದುಕೊಂಡು, ದೇವರ ಹಾಗೆ ಬಂದೆ ಕಣಮ್ಮ ಎಂದರು. ನಾನು ಸುಮ್ಮನಿದ್ದೆ. ಅಷ್ಟು ಹೊಲಸು ಮೌನ ನನ್ನ ಬಾಯಲ್ಲಿ ಅದಕ್ಕೆ ಮೊದಲು ಇದ್ದದ್ದು ನನಗೆ ತಿಳಿಯದು. ಮರುದಿನ ಕಂಪ್ಯೂಟರ್ ತೆರೆದು ಎಕ್ಸ್‌ಪೋರ್ಟ್ ನಿಂತ ಹೊತ್ತನ್ನೂ, ಮೊಬೈಲಿನಲ್ಲಿ ಮೇಡಂ ಜತೆಗಿನ ಮಾತು ಮುಗಿದ ಹೊತ್ತನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಆರು ನಿಮಿಷ, ಚಿಲ್ಲರೆ. ಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗವನ್ನು ಎಣಿಸಿ ಕತ್ತರಿಸುವುದು ನನ್ನ ಕಸುಬು. ಆ ಆರು ನಿಮಿಷವನ್ನು ಎಲ್ಲೂ ಕತ್ತರಿಸಲಾಗಲಿಲ್ಲ.

ಕೆರೆಯ ಚಿತ್ರವನ್ನು ಮಾರತ್ತಹಳ್ಳಿಗೆ ಹೊತ್ತೊಯ್ದು ಗೆಳೆಯನ ಕಂಪ್ಯೂಟರಿನಲ್ಲಿ ಮುಗಿಸಿ ಕೊಟ್ಟೆ. ಪ್ರದರ್ಶನಕ್ಕೆ ಹೋಗಲು ಮನಸ್ಸಾಗಲಿಲ್ಲ.

ಇತ್ತ ಅಂಕಲ್ ಕುಸಿಯುತ್ತಿದ್ದರು. ಇನ್ವರ್ಟರ್ ತಾನಾಗೇ ನಿಂತಿತೆಂದರೆ ವೈರಿಂಗಿನಲ್ಲಿ ದೋಷ ಇರಲೇಬೇಕು, ವೈರಿಂಗ್ ಮಾಡಿದ್ದು ತಾನೇ. ಅವರ ತರ್ಕದಲ್ಲಿ ತಪ್ಪಿರಲಿಲ್ಲ, ಅವರಿಗೆ ಸಿಕ್ಕ ಮಾಹಿತಿಯೇ ಸುಳ್ಳು. ಬ್ಯಾಟರಿಯ ಮುಚ್ಚಳಗಳನ್ನೆಲ್ಲ ತೆಗೆದು ನೀರು ನೋಡಿದರು. ಬೋರ್ಡ್ ಬಿಚ್ಚಿ ಪ್ರತಿ ಸ್ಕ್ರೂ ಬಿಗಿ ಮಾಡಿದರು. ಹೊರಗಿನಿಂದ ಮೆಕ್ಯಾನಿಕ್ ಬಂದು ಎಲ್ಲ ಸರಿಯಾಗಿದೆ ಸಾರ್ ಎಂದರೂ ನಂಬಲಿಲ್ಲ. ಹಲಸೂರು ಕೆರೆಯ ಸುತ್ತ ಬೆಳಗಿನ ವಾಕಿಂಗ್ ಬಿಟ್ಟರು. ಸಿಲಿಂಡರ್ ತುಂಬಿಸಲು ಪಕ್ಕದ ಮನೆಯವರನ್ನು ಕಳಿಸಿದರು. ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಇನ್ವರ್ಟರನ್ನೇ ನೋಡುತ್ತ ಕೂರುತ್ತಿದ್ದರು. ನಾನು ಕೆಂಪು ಸಾಕೆಟ್ಟನ್ನು ಮತ್ತೆ ಮುಟ್ಟಿರಲಿಲ್ಲ, ಕರೆಂಟು ಹೋದಾಗ ಫ್ಯಾನನ್ನೂ ಹಾಕುತ್ತಿರಲಿಲ್ಲ. ಅದರಿಂದ ಅವರಿಗೇನು ಪ್ರಯೋಜನ?

ಹನ್ನೊಂದನೆಯ ದಿನ ಅವರು ಕೆಳಗಿನಿಂದ ಕರೆದರು. “ಸ್ವಲ್ಪ ಟಾರ್ಚ್ ಹಿಡೀತೀಯೇನಮ್ಮ? ಕಣ್ಣು ಸರಿಯಾಗಿ ಕಾಣ್ತಿಲ್ಲ. ಮತ್ತೊಂದ್ಸಲ ಬೋರ್ಡ್ ಬಿಚ್ಚಿ ನೋಡ್ತೀನಿ.”

ಹಿಡಿದೆ. ಅವರು ಸ್ಟೂಲಿನ ಮೇಲೆ ನಿಂತು ಬೋರ್ಡ್ ಬಿಚ್ಚಿದರು. ಒಳಗೆ ವೈರುಗಳು ಬಾಚಿ ಹೆಣೆದಷ್ಟು ಓರಣವಾಗಿದ್ದವು. ಒಂದು ಸ್ಕ್ರೂ ಜಾರಿ ನೆಲಕ್ಕೆ ಬಿತ್ತು. ಅದನ್ನು ಎತ್ತಿಕೊಟ್ಟಾಗ ಅವರು ನನ್ನತ್ತ ತಿರುಗದೆ ಹೇಳಿದರು. “ಫ್ಯಾಕ್ಟ್ರೀಲಿ ನಾನು ಮಾಡಿದ ಪ್ಯಾನಲ್ ಒಂದೂ ವಾಪಸ್ ಬಂದಿದ್ದಿಲ್ಲ. ಮನೇಲೇ ತಪ್ಪು ಮಾಡ್ದೆ ನೋಡು. ಇವಳನ್ನ ಆಸ್ಪತ್ರೆ ಹತ್ರ ಎಲ್ಲಾದ್ರೂ ನರ್ಸ್ ಇರೋ ಜಾಗಕ್ಕೆ ಸೇರಿಸ್ಬಿಡೋಣ ಅಂತಿದೀನಿ. ನನ್ ಕೈ ನಂಬ್ಕೊಂಡು ಇಲ್ಲಿ ಇಟ್ಕೊಳ್ಳೋದು ಬೇಡ.”

ಮಂಚದ ಮೇಲೆ ಆಂಟಿ ನನ್ನ ಕಡೆ ನೋಡಿ, ಬೇಡ ಎಂಬಂತೆ ಕಣ್ಣಲ್ಲೇ ಹೇಳಿದರು. ಆ ಕ್ಷಣದಲ್ಲೂ ಅವರು ಉಳಿಸಲು ನೋಡಿದ್ದು ನನ್ನ ಕೋಣೆಯನ್ನು.

“ಅಂಕಲ್, ವೈರಿಂಗ್ ಸರಿಯಾಗಿದೆ. ನಾನು ಕೆಂಪು ಪಾಯಿಂಟಿಗೆ ಕಂಪ್ಯೂಟರ್ ಹಾಕಿದ್ದೆ. ಮೂರು ದಿನ ಹಾಕಿದ್ದೆ. ಓವರ್‌ಲೋಡ್ ಆಗಿ ನಿಂತಿದ್ದು. ಆಂಟಿಗೆ ಉಸಿರು ಸಿಗ್ದೇ ಇದ್ದಾಗ ನಾನು ಮೇಲೆ ಹೆಡ್‌ಫೋನ್ ಹಾಕ್ಕೊಂಡು ಫೋನಲ್ಲಿ ಮಾತಾಡ್ತಿದ್ದೆ.”

ಟಾರ್ಚ್ ಹಿಡಿದೇ ಹೇಳಿದೆ, ಇಳಿಸಲು ಧೈರ್ಯವಾಗಲಿಲ್ಲ. ಅವರು ಬಿಚ್ಚಿದ ಸ್ಕ್ರೂಗಳನ್ನೆಲ್ಲ ಒಂದೊಂದಾಗಿ ಮತ್ತೆ ಹಾಕಿ, ಮುಚ್ಚಳ ಕೂರಿಸಿ, ಸ್ಟೂಲಿನಿಂದ ಇಳಿದರು. ಮೊದಲು ಹೆಂಡತಿಯತ್ತ ನೋಡಿದರು. ಆಂಟಿ ಸೆರಗಿನ ಅಂಚು ಸುತ್ತುತ್ತಿದ್ದರು.

“ಹನ್ನೊಂದು ದಿನ,” ಎಂದರು ಅಂಕಲ್. “ಹನ್ನೊಂದು ದಿನ ನನ್ನ ಕೈನ ನಾನೇ ನಂಬ್ಲಿಲ್ಲ. ಇಬ್ರೂ ನೋಡ್ಕೊಂಡು ಕೂತಿದ್ರಿ.”

ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಕೂಗಲಿಲ್ಲ. ಮೇಲೆ ಹೋಗು ಎಂದರು. ಹೋಗಿ ಪುಸ್ತಕ, ಹಾರ್ಡ್‌ಡಿಸ್ಕುಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬತೊಡಗಿದೆ.

ಸಂಜೆ ನಾಲ್ಕಕ್ಕೆ ಮೆಟ್ಟಿಲ ಮೇಲೆ ಅವರ ಚಪ್ಪಲಿ ಸದ್ದು. ಕೈಯಲ್ಲಿ ವೈರಿನಲ್ಲಿ ಹರಿಯುವ ಕರೆಂಟು ಅಳೆಯುವ, ಇಕ್ಕಳದಂಥ ಬಾಯಿಯ ಕ್ಲ್ಯಾಂಪ್ ಮೀಟರು, ಒಂದು ಎಳೆಯನ್ನು ಮಾತ್ರ ಹೊರಗೆ ಬಿಡಿಸಿದ ಎಕ್ಸ್‌ಟೆನ್ಷನ್ ವೈರು. ಪೆಟ್ಟಿಗೆಗಳನ್ನು ನೋಡಿದರು. ಗೋಡೆಯ ಮಾಮೂಲಿ ಕರೆಂಟಿಗೆ ವೈರು ಸಿಕ್ಕಿಸಿ, ಮೀಟರಿನ ಬಾಯಿಗೆ ಆ ಎಳೆಯನ್ನು ಕೊಟ್ಟರು.

“ಆನ್ ಮಾಡು. ಅವತ್ತು ಏನು ಮಾಡ್ದೆ ಅದನ್ನೇ ಮಾಡು.”

ಸುಮ್ಮನಿದ್ದಾಗ ಅರ್ಧ ಆಂಪಿಯರ್. ದೃಶ್ಯ ಜೋಡಿಸುವಾಗ ಒಂದು. ಎಕ್ಸ್‌ಪೋರ್ಟ್ ಒತ್ತಿದಾಗ ಎರಡೂವರೆ. ಗೋಡೆಯ ಮೇಲೆ ಪೆನ್ಸಿಲ್ಲಿನಲ್ಲಿ ಮೂರನ್ನೂ ಬರೆದರು. ಪಕ್ಕದಲ್ಲಿ ಆಂಟಿಯ ಮೆಷಿನ್ನಿನದು ಒಂದೂವರೆ, ಕೆಳಗಿನ ದೀಪ ಫ್ಯಾನುಗಳದ್ದು ಅರ್ಧ. ಕೂಡಿ ಗೆರೆ ಎಳೆದರು. ಇನ್ವರ್ಟರ್ ಹೊರುವುದು ನಾಲ್ಕು, ಕೂಡಿದ್ದು ನಾಲ್ಕೂವರೆ. ಅರ್ಧ ಆಂಪಿಯರ್ ಹೆಚ್ಚು.

“ಕೊಳ್ಳೋಕ್ ಮುಂಚೆ ಇದನ್ನ ಅಳೀಬೇಕಿತ್ತು,” ಎಂದರು. “ಅಂಗಡಿಯವನು ಅಳೆಯಲ್ಲ. ಪೆಟ್ಟಿಗೆ ಮೇಲೆ ಬರ್ದಿರೋದು ಅವನ ಮಾತು, ಇದು ನಿನ್ ಕಂಪ್ಯೂಟರ್ ಮಾತು.”

ಪ್ಯೂರ್ ಸೈನ್‌ವೇವ್ ಯುಪಿಎಸ್, ಒಂಬೈನೂರು ವ್ಯಾಟ್ ಹೊರುವಂಥದ್ದು, ಸಾಕು ಎಂದರು. ನಾನು ಹೆದರುತ್ತಲೇ, ಹೊರಗೆ ಇನ್ನೆರಡು ಬ್ಯಾಟರಿ ಸೇರಿಸಿದರೆ ಮೂರು ಗಂಟೆ ಕೆಲಸ ಮಾಡಬಹುದಲ್ಲವೇ ಎಂದು ಕೇಳಿದೆ.

“ಮೂರು ಗಂಟೆ ಯಾಕೆ? ಕರೆಂಟ್ ಹೋದ್ಮೇಲೆ ಹತ್ತು ನಿಮಿಷ ಸಿಕ್ರೆ ಸೇವ್ ಮಾಡಿ ಆಫ್ ಮಾಡ್ಬಹುದು. ಬ್ಯಾಟರಿ ಇರೋದು ಮರ್ಯಾದೆಯಾಗಿ ನಿಲ್ಸೋಕೆ. ನಿನ್ ಸಿನಿಮಾ ನಿಂತ್ರೆ ಯಾರೂ ಸಾಯಲ್ಲ.”

ಇಷ್ಟು ದಿನ ನಾನು ಹುಡುಕಿದ್ದು ನಿಲ್ಲದೆ ಓಡಿಸುವ ಯಂತ್ರ. ನನಗೆ ಬೇಕಾಗಿದ್ದದ್ದು ನಿಲ್ಲಿಸುವ ವ್ಯವಧಾನ. ಕೆಲಸ ಕೊಡುವವರಿಗೆಲ್ಲ ಕರೆಂಟಿಲ್ಲದ ದಿನ ನನ್ನ ಕೆಲಸ ನಡೆಯುವುದಿಲ್ಲ ಎಂದು ಬರೆದು ತಿಳಿಸಿದೆ. ಒಬ್ಬರು ಬಿಟ್ಟುಹೋದರು, ಹೋಗಲಿ ಎಂದುಕೊಂಡೆ.

ಅಂಕಲ್ ಆ ಸಂಜೆಯೇ ಕೆಂಪು ಲೈನನ್ನು ಕೆಳಗಿನ ಬೋರ್ಡಿನಲ್ಲೇ ಕತ್ತರಿಸಿ ಟೇಪು ಸುತ್ತಿದರು. ದೀಪವೂ ಇಲ್ಲ, ಫ್ಯಾನೂ ಇಲ್ಲ. ಖಾಲಿ ಮಾಡು ಎನ್ನಲಿಲ್ಲ, ಇರು ಎಂದೂ ಎನ್ನಲಿಲ್ಲ. ತುಂಬಿದ ಪೆಟ್ಟಿಗೆಗಳು ವಾರಗಟ್ಟಲೆ ಹಾಗೇ ಇದ್ದವು. ಆಂಟಿಗೆ ರೆಕಾರ್ಡಿಂಗ್‌ಗೆಂದು ನಾನು ಮತ್ತೆ ಫೋನ್ ಮಾಡಲಿಲ್ಲ, ಹಿನ್ನೆಲೆ ಮಾತನ್ನು ಬೇರೆ ಕಡೆ ಮಾಡಿಸಿದೆ. ಅಂಕಲ್ ಎದುರಾದರೆ ತಲೆ ಬಗ್ಗಿಸಿ ಗೇಟಿನವರೆಗೆ ನಡೆಯುತ್ತಿದ್ದೆ. ಮಂಚದ ಪಕ್ಕದ ಕುರ್ಚಿ ಬಿಟ್ಟು ಅವರು ಇನ್ನೂ ಎಲ್ಲಿಗೂ ಹೋಗುತ್ತಿರಲಿಲ್ಲ.

ಹೊಸ ಯುಪಿಎಸ್ ಬಂದ ನಂತರದ ಮೊದಲ ಹಗಲಿನ ಕರೆಂಟ್ ಕಟ್ ಒಂದು ಬುಧವಾರ. ಕರೆಂಟು ಹೋಯಿತು, ಕಂಪ್ಯೂಟರ್ ಅಲುಗಲಿಲ್ಲ. ಮಾಡುತ್ತಿದ್ದ ಎಕ್ಸ್‌ಪೋರ್ಟನ್ನು ನಾನೇ ನಿಲ್ಲಿಸಿ, ಫೈಲ್ ಉಳಿಸಿ, ಆಫ್ ಮಾಡಿದೆ. ನಾಲ್ಕು ನಿಮಿಷ ಹಿಡಿಯಿತು. ಆಮೇಲೆ ಕತ್ತಲಾದ ಸ್ಕ್ರೀನಿನ ಮುಂದೆ ಕೂತು ನೆಲಕ್ಕೆ ಕಿವಿಗೊಟ್ಟೆ. ಕೆಳಗೆ ಬುಸ್ ಎನ್ನುವ ಸದ್ದು ಎಂದಿನಂತೆ ನಡೆಯುತ್ತಿತ್ತು.

ಬಾಗಿಲ ಬಳಿ ಅಂಕಲ್ ನಿಂತಿದ್ದರು. ಹೆಗಲಿಗೆ ಟವಲು, ಕಾಲಿಗೆ ಹೊರಗೆ ಹೋಗುವ ಚಪ್ಪಲಿ. ಕಂಪ್ಯೂಟರಿನತ್ತ ಒಮ್ಮೆ, ಪೆಟ್ಟಿಗೆಗಳತ್ತ ಒಮ್ಮೆ ನೋಡಿದರು.

“ಸಿಲಿಂಡರ್ ತುಂಬಿಸ್ಕೊಂಡು ಬರ್ತೀನಿ. ಶಿವಾಜಿನಗರಕ್ಕೆ ಹೋಗಿ ಬರೋಕೆ ಒಂದೂವರೆ ಗಂಟೆ ಆಗತ್ತೆ. ಕೆಳಗೆ ಬಂದು ಇವಳ ಹತ್ರ ಕೂತ್ಕೋ.”

ಎದ್ದೆ. ಅವರು ಎರಡು ಮೆಟ್ಟಿಲು ಇಳಿದು, ತಿರುಗಿ ನೋಡದೆಯೇ ಹೇಳಿದರು.

“ಹೆಡ್‌ಫೋನ್ ಮೇಲೇ ಬಿಟ್ಟು ಬಾ.”

ಕತ್ತಿನಲ್ಲಿದ್ದದ್ದನ್ನು ತೆಗೆದು ಮೇಜಿನ ಮೇಲಿಟ್ಟು ಅವರ ಹಿಂದೆ ಇಳಿದೆ.